ಎಣಗಾಯಿಯ ರಸ ಮಂದವಾಗುವುದೇಕೆ?

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಎಳ್ಳಮಾವಾಸ್ಯೆಯು ಹೊಲದ ಹಬ್ಬ. ಮಾರ್ಗಶಿರ ಮಾಸದ ಅಮಾವಾಸ್ಯೆಯ ದಿನ ಒಕ್ಕಲುಮನೆಗಳವರು ಬುತ್ತಿ ಕಟ್ಟಿಕೊಂಡು ಎರೆಯ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಂಧುಮಿತ್ರರೊಡನೆ ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಚಟ್ನಿ ಇವುಗಳ ನಡುವೆ ಬದನೆಕಾಯಿಯ ಎಣಗಾಯಿ ಇರಲೇಬೇಕು. ಇದರ ರಸವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಅದು ಸಾರಿನಂತೆ ಹರಿದುಹೋಗುವುದಿಲ್ಲ. ಮುದ್ದೆಯಂತೆ ಒಂದೆಡೆ ನಿಲ್ಲುವುದೂ ಇಲ್ಲ. ರೊಟ್ಟಿಯ ಚೂರನ್ನು ಅದ್ದಿದರೆ ಅದಕ್ಕೆ ಅಂಟಿಕೊಂಡು ಬರುತ್ತದೆ. ಆದರೂ ಸಂಪ್ರದಾಯದ ಎಣಗಾಯಿಗೆ ಹಿಟ್ಟನ್ನು ಕಲಸುವ ಪದ್ಧತಿ ಇಲ್ಲ. ಹಾಗಾದರೆ ಈ ಮಂದತೆ ಎಲ್ಲಿಂದ ಬಂದಿತು?

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಇಂದು ಅನೇಕ ಮನೆಗಳಲ್ಲಿ ಹಬ್ಬದ ದಿನವೇ ಒಬ್ಬ ಹಿರಿಯರು ಬೇರೆಯ ತಟ್ಟೆಯಲ್ಲಿ ಸಪ್ಪೆಯ ಊಟ ಮಾಡುವುದನ್ನು ಕಾಣುತ್ತೇವೆ. ಅವರಿಗೆ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಪಿಷ್ಟವನ್ನೂ ಸಕ್ಕರೆಯನ್ನೂ ಮಿತಗೊಳಿಸಬೇಕೆಂದು ವೈದ್ಯರು ಹೇಳಿದೊಡನೆ, ಮಂದವಾದ ರಸವೆಲ್ಲವೂ ವರ್ಜ್ಯವೆಂದು ಮನೆಯವರು ತಿಳಿಯುವುದುಂಟು. ಮಂದತೆಯೆಲ್ಲವೂ ಪಿಷ್ಟದಿಂದಲೇ ಬರುವುದೇ? ಬೇರೆ ದಾರಿಯಿಂದ ಬರುವುದಾದರೆ, ಎಲ್ಲರೂ ಉಣ್ಣುವ ಪಾತ್ರೆಯಿಂದಲೇ ಅವರಿಗೂ ಬಡಿಸಬಹುದಲ್ಲವೇ? ಇದನ್ನು ತಿಳಿಯಲು ಮೊದಲು ಮಂದತೆಯೆಂದರೆ ಏನೆಂಬುದನ್ನು ಪರಿಶೀಲಿಸೋಣ.

ದ್ರವದ ಒಳಗಿನ ತಡೆ

ಒಂದು ದ್ರವವು ಹರಿಯುವಾಗ ಅದರ ಒಂದು ಪದರವು ಮತ್ತೊಂದರ ಮೇಲೆ ಜಾರುತ್ತದೆ. ಹೀಗೆ ಜಾರುವಾಗ ಪದರಗಳ ನಡುವೆ ಘರ್ಷಣೆ ಉಂಟಾಗುವುದು. ಈ ಆಂತರಿಕ ಘರ್ಷಣೆಯ ಅಳತೆಗೆ ಸ್ನಿಗ್ಧತೆ ಎಂದು ಹೆಸರು. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು ೧ ಸೆಂಟಿಪಾಯ್ಸ್. ಜೇನುತುಪ್ಪದ್ದು ಅದರ ಸಾವಿರಾರು ಪಟ್ಟು. ಅಡುಗೆಯವರು ‘ರಸ ಮಂದವಾಯಿತು’ ಎಂದಾಗ, ಭೌತವಿಜ್ಞಾನಿಯು ‘ಸ್ನಿಗ್ಧತೆ ಹೆಚ್ಚಿತು’ ಎನ್ನುವನು. ಮಾತು ಎರಡಾದರೂ ವಿಷಯ ಒಂದೇ.

ನೀರಿನಂತಹ ತೆಳುವಾದ ದ್ರವದ ಸ್ನಿಗ್ಧತೆಯನ್ನು ಹೆಚ್ಚಿಸಲು ಅಡುಗೆಮನೆಯಲ್ಲಿ ಮುಖ್ಯವಾಗಿ ಮೂರು ಮಾರ್ಗಗಳಿವೆ. ನೀರನ್ನು ಉಬ್ಬಿ ಹಿಡಿಯುವ ಪಿಷ್ಟವನ್ನು ಬೆರೆಸುವುದು ಮೊದಲನೆಯದು. ನುಣ್ಣನೆಯ ಘನಕಣಗಳನ್ನೂ ಎಣ್ಣೆಯ ಹನಿಗಳನ್ನೂ ತುಂಬುವುದು ಎರಡನೆಯದು. ನೀರನ್ನೇ ಆವಿಯಾಗಿಸಿ ಕಡಿಮೆ ಮಾಡುವುದು ಮೂರನೆಯದು.

ಹಿಟ್ಟು ಮಾಡುವ ಕೆಲಸ

ಪಾಶ್ಚಾತ್ಯ ದೇಶಗಳಲ್ಲಿ ಕ್ರಿಸ್ಮಸ್ ಭೋಜನದ ಗ್ರೇವಿಗೆ ಗೋದಿಯ ಹಿಟ್ಟನ್ನು ಬೆಣ್ಣೆ ಅಥವಾ ಕೊಬ್ಬಿನಲ್ಲಿ ಹುರಿದು ಸೇರಿಸುವ ರೂಢಿಯಿದೆ. ಇದು ಮೊದಲನೆಯ ಮಾರ್ಗ. ಹಿಟ್ಟಿನಲ್ಲಿರುವ ಪಿಷ್ಟವು ಅತಿ ಸಣ್ಣ ಗುಳಿಗೆಗಳ ರೂಪದಲ್ಲಿ ಇರುತ್ತದೆ. ತಣ್ಣೀರಿನಲ್ಲಿ ಈ ಗುಳಿಗೆಗಳು ಹೆಚ್ಚು ಉಬ್ಬುವುದಿಲ್ಲ. ಆದರೆ ಉಷ್ಣತೆಯು ೬೦ ಡಿಗ್ರಿಯ ಸುಮಾರಿಗೆ ಏರಿದಾಗ ಗೋದಿಯ ಪಿಷ್ಟದ ಗುಳಿಗೆಗಳು ನೀರನ್ನು ಹೀರಿ ತಮ್ಮ ಮೂಲ ಗಾತ್ರದ ಅನೇಕ ಪಟ್ಟು ಉಬ್ಬುತ್ತವೆ. ಒಳಗಿನ ಉದ್ದವಾದ ಅಣುಸರಪಳಿಗಳು ಕೆಲವು ಹೊರಬಂದು ನೀರಿನಲ್ಲಿ ತೊಡಕಿಕೊಳ್ಳುತ್ತವೆ. ಆದುದರಿಂದಲೇ ಒಂದೆರಡು ಚಮಚ ಹಿಟ್ಟು ಒಂದು ಪಾತ್ರೆಯ ರಸವನ್ನು ಗಟ್ಟಿಮಾಡಬಲ್ಲದು. ಅಗ್ಗವಾಗಿಯೂ ಬೇಗನೆಯೂ ಆಗುವ ಉಪಾಯವಿದು. ನಮ್ಮಲ್ಲಿಯೂ ನೂರಾರು ಜನರ ಅಡುಗೆಯಲ್ಲಿ ಪುಟಾಣಿಯ ಹಿಟ್ಟನ್ನೋ ಕಡಲೆಯ ಹಿಟ್ಟನ್ನೋ ಕದಡಿ ಹಾಕುವುದುಂಟು.

ಪಿಷ್ಟವೆಂದರೆ ಗ್ಲೂಕೋಸಿನ ಅಣುಗಳು ಸಾಲಾಗಿ ಜೋಡಿಸಿಕೊಂಡ ಸರಪಳಿ. ಬೆಂದು ಉಬ್ಬಿದ ಪಿಷ್ಟವನ್ನು ನಮ್ಮ ಜೀರ್ಣರಸಗಳು ಸುಲಭವಾಗಿ ಕತ್ತರಿಸುತ್ತವೆ. ಈ ಕಾರ್ಯವು ಬಾಯಿಯ ಜೊಲ್ಲಿನಲ್ಲಿಯೇ ಆರಂಭವಾಗುವುದು. ಕೊನೆಗೆ ದೊರೆಯುವುದು ಗ್ಲೂಕೋಸ್. ಅದು ರಕ್ತವನ್ನು ಸೇರುತ್ತದೆ. ರಸವನ್ನು ಮಂದಮಾಡಿದ ಗುಣವೇ ರೋಗಿಗೆ ತೊಡಕಾಗುವುದು ಹೀಗೆ.

ಶೇಂಗಾ ಮತ್ತು ಎಳ್ಳು

ಎಣಗಾಯಿಯು ಎರಡನೆಯ ಮತ್ತು ಮೂರನೆಯ ಮಾರ್ಗಗಳನ್ನು ಹಿಡಿಯುತ್ತದೆ. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಇವುಗಳನ್ನು ಕುಟ್ಟಿ ಅಥವಾ ಅರೆದು, ಸೀಳಿದ ಬದನೆಕಾಯಿಗೆ ತುಂಬಿ, ಉಳಿದುದನ್ನು ರಸಕ್ಕೆ ಬಿಡುತ್ತಾರೆ. ಇವೆಲ್ಲವೂ ಎಣ್ಣೆಯ ಬೀಜಗಳು. ಜೋಳ ಗೋದಿಗಳು ಮೊಳಕೆಗೆ ಬೇಕಾದ ಆಹಾರವನ್ನು ಮುಖ್ಯವಾಗಿ ಪಿಷ್ಟವಾಗಿ ಕೂಡಿಡುತ್ತವೆ. ಇವು ಎಣ್ಣೆಯಾಗಿಯೂ ಪ್ರೋಟೀನಾಗಿಯೂ ಕೂಡಿಡುತ್ತವೆ. ಶೇಂಗಾಬೀಜದ ತೂಕದಲ್ಲಿ ನೂರಕ್ಕೆ ಸುಮಾರು ೪೦ ಪಾಲು ಎಣ್ಣೆ, ಸುಮಾರು ಕಾಲುಭಾಗ ಪ್ರೋಟೀನು.

ಈ ಎಣ್ಣೆಯು ಬೀಜದಲ್ಲಿ ಮಡುಗಟ್ಟಿ ನಿಂತಿರುವುದಿಲ್ಲ. ಜೀವಕೋಶಗಳ ಒಳಗೆ, ಒಂದೆರಡು ಮೈಕ್ರಾನುಗಳಷ್ಟು ಸಣ್ಣ ಹನಿಗಳಾಗಿ, ಪ್ರತಿಯೊಂದು ಹನಿಯೂ ತೆಳುವಾದ ಪೊರೆಯೊಂದನ್ನು ಹೊದ್ದುಕೊಂಡು ಇರುತ್ತದೆ. (ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನು.) ಬೀಜವನ್ನು ಹುರಿದಾಗ ತೇವವು ಹೋಗಿ ಅದು ಸುಲಭವಾಗಿ ಪುಡಿಯಾಗುವಂತಾಗುತ್ತದೆ. ಅರೆದಾಗ ಕೋಶಗಳು ಒಡೆದು ಎಣ್ಣೆ ಹೊರಬರುತ್ತದೆ. ಅರೆಯುತ್ತ ನೀರನ್ನು ಸ್ವಲ್ಪ ಸ್ವಲ್ಪವೇ ಕೂಡಿಸಿದರೆ, ಬೀಜದ ಪ್ರೋಟೀನುಗಳು ಎಣ್ಣೆಯ ಹನಿಗಳನ್ನು ಸುತ್ತುವರಿದು ಅವು ಒಂದಕ್ಕೊಂದು ಕೂಡಿಕೊಳ್ಳದಂತೆ ತಡೆಯುತ್ತವೆ. ಹೀಗೆ ಒಂದು ದ್ರವವು ಇನ್ನೊಂದರಲ್ಲಿ ಸಣ್ಣ ಹನಿಗಳಾಗಿ ಹರಡಿ ನಿಲ್ಲುವುದಕ್ಕೆ ಎಮಲ್ಷನ್ ಎಂದು ಹೆಸರು. ಹಾಲು ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ನುಣ್ಣಗೆ ಅರೆದ ಶೇಂಗಾ ನೀರಿನೊಡನೆ ಸೇರಿ ಹಾಲುಬಣ್ಣಕ್ಕೆ ತಿರುಗುವುದು ಇದರಿಂದಲೇ.

ನುಣ್ಣಗೆ ಅರೆಯುವುದರ ಪ್ರಾಮುಖ್ಯವನ್ನು ಸರಳ ಗಣಿತವೇ ತೋರಿಸುತ್ತದೆ. ೧ ಮಿಲಿಮೀಟರು ಅಂಚುಳ್ಳ ಒಂದು ಘನದ ಮೇಲ್ಮೈ ೬ ಚದರ ಮಿಲಿಮೀಟರು. ಅದನ್ನು ೦.೧ ಮಿಲಿಮೀಟರಿನ ಅಂಚುಳ್ಳ ಘನಗಳಾಗಿ ಕತ್ತರಿಸಿದರೆ ೧೦೦೦ ತುಂಡುಗಳಾಗಿ, ಒಟ್ಟು ಮೇಲ್ಮೈ ೬೦ ಚದರ ಮಿಲಿಮೀಟರು ಆಗುವುದು. ವಸ್ತು ಅಷ್ಟೇ, ನೀರನ್ನು ಹಿಡಿದು ನಿಲ್ಲಿಸುವ ಮೇಲ್ಮೈ ಮಾತ್ರ ೧೦ ಪಟ್ಟು. ತರಿತರಿಯಾಗಿ ಕುಟ್ಟಿದ ಶೇಂಗಾ ತಳದಲ್ಲಿ ಕೂತು, ರಸವು ಮೇಲೆ ತೆಳುವಾಗಿ ನಿಲ್ಲುವುದಕ್ಕೂ, ಅದೇ ಶೇಂಗಾ ನುಣ್ಣಗಾದಾಗ ರಸವೆಲ್ಲ ಒಂದೇ ಮೈಯಾಗುವುದಕ್ಕೂ ಇದೇ ಕಾರಣ.

ಐನ್‌ಸ್ಟೈನ್ ಸೂತ್ರ

ದ್ರವದಲ್ಲಿ ತೇಲುವ ಕಣಗಳು ಅದರ ಸ್ನಿಗ್ಧತೆಯನ್ನು ಎಷ್ಟು ಹೆಚ್ಚಿಸುತ್ತವೆ? ಈ ಪ್ರಶ್ನೆಯನ್ನು ಆಲ್ಬರ್ಟ್ ಐನ್‌ಸ್ಟೈನ್ ೧೯೦೫ರಲ್ಲಿ, ಡಾಕ್ಟರೇಟ್ ಪದವಿಗಾಗಿ ಬರೆದ ಪ್ರಬಂಧದಲ್ಲಿ ಕೈಗೆತ್ತಿಕೊಂಡರು. ನೀರಿನಲ್ಲಿ ಕರಗಿದ ಸಕ್ಕರೆಯ ಅಣುಗಳ ಗಾತ್ರವನ್ನು ಕಂಡುಹಿಡಿಯುವುದು ಅವರ ಉದ್ದೇಶವಾಗಿತ್ತು. ಲೆಕ್ಕದಲ್ಲಿದ್ದ ಒಂದು ದೋಷವನ್ನು ೧೯೧೧ರಲ್ಲಿ ತಿದ್ದಿದ ಮೇಲೆ ದೊರೆತ ಫಲಿತಾಂಶ ಇದು: ವಿರಳವಾಗಿ ಹರಡಿದ ಗುಂಡುಕಣಗಳು ದ್ರವದ ಗಾತ್ರದಲ್ಲಿ ಎಷ್ಟು ಪಾಲನ್ನು ಆಕ್ರಮಿಸಿವೆಯೋ ಅದರ ೨.೫ ಪಟ್ಟಿನಷ್ಟು ಸ್ನಿಗ್ಧತೆ ಹೆಚ್ಚುತ್ತದೆ. ಎಂದರೆ ಕಣಗಳು ನೂರಕ್ಕೆ ೪ ಪಾಲಿದ್ದರೆ ಸ್ನಿಗ್ಧತೆ ನೂರಕ್ಕೆ ೧೦ರಷ್ಟು ಏರುವುದು.

ಇದು ಅಲ್ಪವಾದ ಏರಿಕೆ. ಎಣಗಾಯಿಯ ರಸದಲ್ಲಿ ಬೀಜದ ಪುಡಿಯು ಸುಮಾರು ಐದರಲ್ಲಿ ಒಂದು ಪಾಲಿದೆಯೆಂದು ಹಿಡಿದರೂ, ಈ ಸೂತ್ರದಂತೆ ರಸವು ನೀರಿಗಿಂತ ಒಂದೂವರೆ ಪಟ್ಟು ಮಾತ್ರ ಮಂದವಾಗಬೇಕಾಗಿತ್ತು. ನಿಜವಾಗಿ ಅದು ಅದಕ್ಕಿಂತ ಎಷ್ಟೋ ಹೆಚ್ಚು ಮಂದವಾಗಿದೆ. ಕಾರಣವೇನು?

ಕಾರಣವು ‘ವಿರಳವಾಗಿ’ ಎಂಬ ಮಾತಿನಲ್ಲಿದೆ. ಸೂತ್ರವು ಒಂದು ಕಣಕ್ಕೆ ಇನ್ನೊಂದರ ಗೊಡವೆಯಿಲ್ಲದಿದ್ದಾಗ ಮಾತ್ರ ಸಲ್ಲುತ್ತದೆ. ಸಂತೆಯಿಲ್ಲದ ದಿನ ಸಿಂಧನೂರಿನ ಪೇಟೆಯಲ್ಲಿ ನೂರು ಜನರಿದ್ದರೂ ಯಾರ ನಡಿಗೆಗೂ ಅಡ್ಡಿಯಿಲ್ಲ. ಸಂತೆಯ ದಿನ ಜನ ಹೆಚ್ಚುತ್ತ ಹೋದಂತೆ, ಒಂದು ಹಂತದ ಬಳಿಕ ಇನ್ನು ಕೆಲವರೇ ಬಂದರೂ ನಡಿಗೆ ನಿಂತೇ ಹೋಗುವುದು. ಕಣಗಳ ವಿಷಯವೂ ಹೀಗೆಯೇ. ಒಂದೇ ಅಳತೆಯ ಗುಂಡುಗಳನ್ನು ಅಡ್ಡಾದಿಡ್ಡಿಯಾಗಿ ತುಂಬಿದರೆ ಅವು ಪಾತ್ರೆಯ ನೂರಕ್ಕೆ ಸುಮಾರು ೬೪ ಪಾಲನ್ನು ಆಕ್ರಮಿಸಿದಾಗ ಅಲುಗಾಡದಂತಾಗುತ್ತವೆ. ಆ ಮಿತಿಯನ್ನು ಸಮೀಪಿಸಿದಂತೆಲ್ಲ ಸ್ನಿಗ್ಧತೆಯು ಬಹುಬೇಗನೆ ಏರುತ್ತದೆ. ಬೀಜದ ಚೂರುಗಳು ಗುಂಡಾಗಿಲ್ಲ. ಮೊನೆಮೊನೆಯಾಗಿದ್ದು ಒಂದನ್ನೊಂದು ತಡೆಯುತ್ತವೆ. ಮೇಲಾಗಿ ಅವು ನೀರನ್ನು ಹೀರಿ ಉಬ್ಬುತ್ತವೆ. ಎಣ್ಣೆಯ ಹನಿಗಳೂ, ಬೆಂದು ಕರಗಿದ ಬದನೆ ಈರುಳ್ಳಿಗಳ ತಿರುಳೂ ನಡುವಣ ಜಾಗವನ್ನು ತುಂಬುತ್ತವೆ. ಹೀಗೆ ತೂಕದಲ್ಲಿ ಐದರಲ್ಲಿ ಒಂದು ಪಾಲಿದ್ದ ಬೀಜವು ಗಾತ್ರದಲ್ಲಿ ಸಂತೆಯ ನೂಕುನುಗ್ಗಲನ್ನೇ ಉಂಟುಮಾಡುವುದು.

ಎಣ್ಣೆ ಬಿಡುವುದೆಂದರೇನು?

‘ಎಣ್ಣೆ ಬಿಡುವವರೆಗೆ ಕುದಿಸು’ ಎಂಬುದು ಈ ಭಾಗದ ಅಡುಗೆಮನೆಯ ಆಜ್ಞೆ. ಕುದಿಯುತ್ತಿರುವ ರಸದಲ್ಲಿ ನೀರು ಕಡಿಮೆಯಾದಂತೆ ಎಣ್ಣೆಯ ಹನಿಗಳು ಹತ್ತಿರ ಬಂದು, ಡಿಕ್ಕಿ ಹೊಡೆದು, ಕೂಡಿಕೊಂಡು ದೊಡ್ಡವಾಗುತ್ತವೆ. ಎಣ್ಣೆಯ ಸಾಂದ್ರತೆಯು ನೀರಿನದಕ್ಕಿಂತ ನೂರಕ್ಕೆ ೯ರಷ್ಟು ಕಡಿಮೆ. ಆದುದರಿಂದ ಹನಿಗಳು ಮೇಲಕ್ಕೆ ಏರುತ್ತವೆ. ಸ್ಟೋಕ್ಸ್ ಎಂಬ ವಿಜ್ಞಾನಿ ೧೮೫೧ರಲ್ಲಿ ಪ್ರಕಟಿಸಿದ ನಿಯಮದಂತೆ ಈ ಏರಿಕೆಯ ವೇಗವು ಹನಿಯ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿದೆ. ೧ ಮೈಕ್ರಾನು ತ್ರಿಜ್ಯದ ಎಣ್ಣೆಯ ಹನಿಯು ತಣ್ಣೀರಿನಲ್ಲಿ ೧ ಸೆಂಟಿಮೀಟರು ಏರಲು ಸುಮಾರು ೧೪ ಗಂಟೆ ಬೇಕು; ೧೦೦ ಮೈಕ್ರಾನು ತ್ರಿಜ್ಯದ ಹನಿಗೆ ಸುಮಾರು ೫ ಸೆಕೆಂಡು ಸಾಕು. ರಸದ ಮೇಲೆ ಕೆಂಪು ಎಣ್ಣೆ ಕಾಣಿಸಿಕೊಂಡಿತೆಂದರೆ ಸಣ್ಣ ಹನಿಗಳು ದೊಡ್ಡವಾದವು, ಹೆಚ್ಚಿನ ನೀರು ಹೊರಟುಹೋಯಿತು ಎಂದು ಅರ್ಥ. ಎಣಗಾಯಿಗೆ ಇದು ಪಕ್ವತೆಯ ಗುರುತು. ಇನ್ನೂ ಕುದಿಸಿದರೆ ಎಣ್ಣೆ ಒಂದು ಕಡೆ, ಗಸಿ ಒಂದು ಕಡೆ ಆಗುವುದು. ಆಗ ಎರಡು ಚಮಚ ಬಿಸಿನೀರನ್ನು ಹಾಕಿ ಚೆನ್ನಾಗಿ ಕಲಕಿದರೆ ರಸವು ಬಹುಮಟ್ಟಿಗೆ ಮತ್ತೆ ಕೂಡಿಕೊಳ್ಳುತ್ತದೆ.

ನೀರನ್ನು ಆವಿಯಾಗಿಸುವುದು ದುಬಾರಿಯ ಕೆಲಸ. ೧ ಗ್ರಾಂ ನೀರನ್ನು ೩೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಏರಿಸಲು ೭೦ ಕ್ಯಾಲೊರಿ ಉಷ್ಣ ಸಾಕು. ಅದನ್ನು ಆವಿಯಾಗಿಸಲು ಸುಮಾರು ೫೪೦ ಕ್ಯಾಲೊರಿ ಗುಪ್ತೋಷ್ಣ ಬೇಕು. ಆದುದರಿಂದ ಮೊದಲೇ ನೀರನ್ನು ಅಳೆದು ಹಾಕುವ ಗೃಹಿಣಿಯು ಉರುವಲನ್ನು ಉಳಿಸುತ್ತಾಳೆ. ನೀರು ಹೋದರೂ ಉಪ್ಪು ಹುಳಿಗಳು ಉಳಿಯುತ್ತವೆ; ಆದಕಾರಣ ಉಪ್ಪಿನ ಹದವನ್ನು ಕೊನೆಯಲ್ಲಿ ನೋಡುವುದು ಲೇಸು.

ಮಾಡುವ ಕ್ರಮ

ಆರು ಜನರಿಗೆ ಸಾಕಾಗುವಷ್ಟು ಎಣಗಾಯಿಗೆ ಎಳೆಯ ಬದನೆಕಾಯಿ ಅರ್ಧ ಕಿಲೋ, ಶೇಂಗಾ ೬೦ ಗ್ರಾಂ, ಎಳ್ಳು ೨೦ ಗ್ರಾಂ, ಗುರೆಳ್ಳು ೧೦ ಗ್ರಾಂ, ಒಣಕೊಬ್ಬರಿ ೧೫ ಗ್ರಾಂ, ಒಂದು ಈರುಳ್ಳಿ, ಬೆಳ್ಳುಳ್ಳಿ, ಗೋಲಿಯಷ್ಟು ಹುಣಸೆಹಣ್ಣು, ಖಾರದ ಪುಡಿ, ಮಸಾಲೆ, ಉಪ್ಪು, ಮೂರು ದೊಡ್ಡ ಚಮಚ ಎಣ್ಣೆ ಬೇಕು. ಬೆಲ್ಲ, ಪುಟಾಣಿ, ಕಡಲೆಹಿಟ್ಟು ಬೇಡ. ಬೂಷ್ಟು ಹಿಡಿದ, ಕಪ್ಪಾದ, ಮುರುಟಿದ ಶೇಂಗಾವನ್ನು ಆರಿಸಿ ಎಸೆಯಬೇಕು. ಅದರಲ್ಲಿ ಹುಟ್ಟಿರಬಹುದಾದ ವಿಷವು ಹುರಿದರೂ ಪೂರ್ಣವಾಗಿ ಹೋಗುವುದಿಲ್ಲ.

ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಬೇಕು. ಎಳ್ಳು, ಗುರೆಳ್ಳು ಬೇಗ ಸೀಯುವುದರಿಂದ ಅವನ್ನು ಬೇರೆಯಾಗಿ ಹುರಿಯಬೇಕು. ಆರಿದ ಮೇಲೆ ಕೊಬ್ಬರಿ, ಬೆಳ್ಳುಳ್ಳಿ, ಖಾರ, ಮಸಾಲೆಗಳೊಡನೆ ಮೊದಲು ಒಣದಾಗಿ ಪುಡಿಮಾಡಿ, ಅರ್ಧ ಭಾಗವನ್ನು ಬದನೆಕಾಯಿಗೆ ತುಂಬಲು ತೆಗೆದಿರಿಸಬೇಕು. ಉಳಿದ ಅರ್ಧಕ್ಕೆ ನೀರನ್ನು ಚಮಚ ಚಮಚವಾಗಿ ಕೂಡಿಸುತ್ತ ಬೆಣ್ಣೆಯಂತೆ ನುಣ್ಣಗೆ ಅರೆಯಬೇಕು. ಎಣ್ಣೆಯಲ್ಲಿ ಈರುಳ್ಳಿಯನ್ನೂ ತುಂಬಿದ ಕಾಯಿಗಳನ್ನೂ ಬಾಡಿಸಿ, ಅರೆದ ಮಸಾಲೆ, ಹುಣಸೆಯ ರಸ, ಸುಮಾರು ೪೦೦ ಮಿಲಿಲೀಟರು ಬಿಸಿನೀರು ಹಾಕಿ, ಮುಚ್ಚಿ ಬೇಯಿಸಬೇಕು. ಕಾಯಿ ಬೆಂದ ಮೇಲೆ ಮುಚ್ಚಳ ತೆಗೆದು, ಎಣ್ಣೆ ಕಾಣಿಸುವವರೆಗೆ ಸಣ್ಣ ಉರಿಯಲ್ಲಿ ಕುದಿಸಿದರೆ ಆಯಿತು. ಒಲೆಯಿಂದ ಇಳಿಸುವಾಗ ರಸವು ಬೇಕಾದುದಕ್ಕಿಂತ ಸ್ವಲ್ಪ ತೆಳುವಾಗಿರಬೇಕು. ತಣಿದಂತೆ ಸ್ನಿಗ್ಧತೆ ಏರುವುದಲ್ಲದೆ ಬೀಜದ ಕಣಗಳು ಇನ್ನೂ ನೀರನ್ನು ಹೀರುತ್ತವೆ. ಕೊನೆಗೂ ತೆಳುವೆನಿಸಿದರೆ ಹುರಿದು ಪುಡಿಮಾಡಿದ ಅಗಸಿಯನ್ನು ಒಂದು ಚಮಚ ಹಾಕಬಹುದು. ಅಗಸಿಯ ಸಿಪ್ಪೆಯಲ್ಲಿರುವ ಲೋಳೆಯು ನೀರನ್ನು ಹಿಡಿಯುತ್ತದೆ. ಅದು ನಾರಿನ ಜಾತಿಯದಾದುದರಿಂದ ಗ್ಲೂಕೋಸಾಗಿ ಮಾರ್ಪಡುವುದಿಲ್ಲ.

ಲೆಕ್ಕ ಏನು ಹೇಳುತ್ತದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕಗಳಂತೆ, ನಾರನ್ನು ಬಿಟ್ಟು, ೧೦೦ ಗ್ರಾಂ ಮೈದಾದಲ್ಲಿ ಸುಮಾರು ೭೪ ಗ್ರಾಂ, ಕಡಲೆಬೇಳೆಯಲ್ಲಿ ೪೭ ಗ್ರಾಂ, ಶೇಂಗಾದಲ್ಲಿ ೧೭ ಗ್ರಾಂ, ಎಳ್ಳಿನಲ್ಲಿ ೧೧ ಗ್ರಾಂ ಕಾರ್ಬೊಹೈಡ್ರೇಟು ಇದೆ. ಮೇಲಿನ ಪಾತ್ರೆಯ ಬೀಜಗಳು ಮತ್ತು ಕೊಬ್ಬರಿಯಿಂದ ಬರುವುದು ಒಟ್ಟು ೧೫ ಗ್ರಾಂ. ಒಬ್ಬರ ಪಾಲಿಗೆ ಎರಡೂವರೆ ಗ್ರಾಂ. ಬದನೆ, ಈರುಳ್ಳಿ, ಹುಣಸೆಗಳಿಂದ ಇನ್ನು ಐದಾರು ಗ್ರಾಂ. ಇದೇ ಪಾತ್ರೆಗೆ ೩೦ ಗ್ರಾಂ ಪುಟಾಣಿ ಹಿಟ್ಟು, ೨೦ ಗ್ರಾಂ ಬೆಲ್ಲ ಬಿದ್ದರೆ ಒಬ್ಬರ ಪಾಲು ಸುಮಾರು ೮ ಗ್ರಾಂನಿಂದ ೧೩ ಗ್ರಾಂಗೆ ಏರುವುದು.

ಇಲ್ಲಿ ವಿಚಾರಶೀಲನಾದ ಓದುಗನು ಒಂದು ಆಕ್ಷೇಪವನ್ನು ಎತ್ತಬಹುದು. ೬೦ ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿಯೇ ೪೦ ಗ್ರಾಂ ಕಾರ್ಬೊಹೈಡ್ರೇಟು ಇರುವಾಗ, ರಸದಲ್ಲಿ ೫ ಗ್ರಾಂ ಉಳಿಸಿ ಏನು ಪ್ರಯೋಜನ? ಆಕ್ಷೇಪ ನ್ಯಾಯವಾದುದೇ. ತಟ್ಟೆಯ ಭಾರವಿರುವುದು ರೊಟ್ಟಿ, ಅನ್ನ, ಹೋಳಿಗೆಗಳಲ್ಲಿ. ತುಂಗಭದ್ರಾ ಜಲಾಶಯವು ೧೯೫೩ರಲ್ಲಿ ಸಿದ್ಧವಾಗಿ, ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಸೀಮೆ ಭತ್ತದ ಸೀಮೆಯಾಯಿತು. ಅನ್ನಕ್ಕೆ ತೆಳುಸಾರನ್ನು ಸುರಿದು ಉಣ್ಣುವವರು ಹಸಿವು ಇಂಗಲು ಅನ್ನವನ್ನೇ ಹೆಚ್ಚಿಸಬೇಕಾಗುತ್ತದೆ. ಪ್ರೋಟೀನು, ಎಣ್ಣೆ, ನಾರುಗಳಿಂದ ಮಂದವಾದ ಎಣಗಾಯಿಯ ಬಲವಿರುವುದು ಇಲ್ಲಿ: ಎರಡು ಮೂರು ರೊಟ್ಟಿ ತಿನ್ನುವವರು ಒಂದರಲ್ಲಿಯೇ ತೃಪ್ತರಾಗಲು ಅದು ನೆರವಾಗಬಲ್ಲದು. ಹಿಟ್ಟಿಲ್ಲದ ರಸದಿಂದ ದೊರೆಯುವ ದೊಡ್ಡ ಲಾಭ ಇದೇ.

ಆದರೂ ಎಚ್ಚರಿಕೆಯ ಮಾತು ಅಗತ್ಯ. ಒಬ್ಬರ ಪಾಲಿನಲ್ಲಿ ಸುಮಾರು ೧೪ ಗ್ರಾಂ ಕೊಬ್ಬು ಇರುವುದರಿಂದ ಎಣಗಾಯಿಯೂ ಮಿತವಾಗಿಯೇ ಇರಬೇಕು. ಶೇಂಗಾ ಅಥವಾ ಎಳ್ಳು ಒಗ್ಗದವರಿಗೆ ಇದು ಸಲ್ಲದು. ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ರೊಟ್ಟಿ ಅನ್ನಗಳನ್ನು ಒಮ್ಮೆಗೇ ಬಹಳ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯುವ ಸಂಭವವುಂಟು. ಅವರು ವೈದ್ಯರನ್ನು ಕೇಳಿಯೇ ಬದಲಾವಣೆ ಮಾಡಬೇಕು.

ನೀವೇ ಮಾಡಿನೋಡಿ

ಇಲ್ಲಿ ಹೇಳಿದುದನ್ನು ವಿದ್ಯಾರ್ಥಿಗಳು ಶಾಲೆಯ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದು. ಎರಡು ಪಾತ್ರೆಗಳಲ್ಲಿ ೨೦೦ ಮಿಲಿಲೀಟರು ನೀರು ತೆಗೆದುಕೊಂಡು, ಒಂದರಲ್ಲಿ ೧೦ ಗ್ರಾಂ ಮೈದಾವನ್ನೂ, ಇನ್ನೊಂದರಲ್ಲಿ ನುಣ್ಣಗೆ ಅರೆದ ೪೦ ಗ್ರಾಂ ಹುರಿದ ಶೇಂಗಾವನ್ನೂ ಕದಡಿ ಐದು ನಿಮಿಷ ಕುದಿಸಿರಿ. ತಣಿದ ಮೇಲೆ ಒಂದೇ ಆಲಿಕೆಯ ಮೂಲಕ ೧೦೦ ಮಿಲಿಲೀಟರು ಹರಿಯಲು ಪ್ರತಿಯೊಂದಕ್ಕೂ ಎಷ್ಟು ಸೆಕೆಂಡು ಬೇಕೆಂದು ಬರೆದುಕೊಳ್ಳಿರಿ. ಶುದ್ಧವಾದ ನೀರಿನ ಕಾಲದೊಡನೆ ಹೋಲಿಸಿರಿ. ಬಳಿಕ ಪ್ರತಿಯೊಂದರ ಒಂದು ಚಮಚಕ್ಕೆ ದುರ್ಬಲ ಅಯೊಡಿನ್ ದ್ರಾವಣದ ಒಂದೆರಡು ಹನಿಗಳನ್ನು ಹಾಕಿರಿ. ಮೈದಾದ ಗಂಜಿಯು ಕಡುನೀಲಿಯಾಗುವುದು. ಶೇಂಗಾದಲ್ಲಿ ಪಿಷ್ಟವು ಅಲ್ಪವಾಗಿರುವುದರಿಂದ ಬಣ್ಣವು ಬಹಳ ಮಸುಕಾಗಿರುವುದು. ಅಯೊಡಿನ್ ಬೆರೆತುದನ್ನು ಬಾಯಿಗೆ ಹಾಕಬಾರದು.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕೆತ್ತಿದ ಕ್ರಿ. ಪೂ. ೩ನೆಯ ಶತಮಾನದಲ್ಲಿ ಈ ನಾಡಿನಲ್ಲಿ ಶೇಂಗಾ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಎರಡೂ ಅಮೆರಿಕಾ ಖಂಡದಿಂದ ಬಂದವು. ಎಳ್ಳು ಮಾತ್ರ ನಮ್ಮ ದೇಶದಲ್ಲಿ ಅದಕ್ಕೂ ಬಹು ಹಿಂದಿನಿಂದ ಬೆಳೆಯುತ್ತಿತ್ತು. ಹೊಸದಾಗಿ ಬಂದ ಕಾಳನ್ನೂ ಹಳೆಯ ಎಳ್ಳಿನ ಜೊತೆಗೆ ಒರಳಿಗೆ ಹಾಕಿ ರಸವನ್ನು ಕೂಡಿಸಿದ ನಮ್ಮ ಹೆಣ್ಣುಮಕ್ಕಳು ಸ್ನಿಗ್ಧತೆಯ ಸೂತ್ರವನ್ನು ಓದಿದವರಲ್ಲ. ಕೈಯ ಹದದಿಂದ ಅದನ್ನು ಅರಿತವರು. ಆ ಹದದ ಕಾರಣವನ್ನು ತಿಳಿದ ವಿದ್ಯಾರ್ಥಿಯು ಬರುವ ಎಳ್ಳಮಾವಾಸ್ಯೆಗೆ ಮನೆಯ ಒರಳಿನ ಬಳಿ ಕುಳಿತು, ಪುಟಾಣಿ ಬೆಲ್ಲಗಳನ್ನು ಬದಿಗಿರಿಸಿ, ಶೇಂಗಾವನ್ನು ಇನ್ನಷ್ಟು ನುಣ್ಣಗೆ ಅರೆದುಕೊಡಲಿ. ಅಜ್ಜನಿಗೋ ಅಜ್ಜಿಗೋ ಬೇರೆಯ ಸಪ್ಪೆ ಪಲ್ಯವನ್ನು ಮಾಡಬೇಕಾದ ಅಗತ್ಯ ಬೀಳದು.